ಕೇಳಿ, ಹೇಳುತ್ತೇವೆ: ಸಿಸ್ಟರ್ ಶಾಲೆಗೆ ಮಕ್ಕಳನ್ನು ಸೇರಿಸಿದ ಮೇಲೆ

ಈ ಸಲದ ಪತ್ರಗಳೆಲ್ಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಕಥೋಲಿಕ ಪ್ರೌಢಶಾಲೆಗಳ ಕುರಿತವು. ಇಂಥ ಶಾಲೆಗಳಲ್ಲಿ ಪಾಠ ಮಾಡುವವರು ಮತ್ತು ಹಾಸ್ಟೆಲ್ ನೋಡಿಕೊಳ್ಳುವವರು ಉತ್ತರ ಬರೆದಿದ್ದಾರೆ.

ಮಗಳು ಏಳನೇದ ತನಕ ಊರಿನ ಸರ್ಕಾರಿ ಸಾಲ್ಯಾಗ ಕನ್ನಡದಾಗ ಓದ್ಯಾಳ. ಈ ವರ್ಷ ಎಂಟನೇ ಕ್ಲಾಸಿಗೆ ಸಿಸ್ಟರ್ ಸಾಲಿ ಇಂಗ್ಲಿಷ್ ಮೀಡಿಯಂಗೆ ಹಾಕೀವಿ. ಮೊದಲನೇ ಎಫ್‌ಎ (ವರ್ಷದ ನಡುವ ಸಾಲ್ಯಾಗ ಮಾಡೂ ಮೌಲ್ಯಮಾಪನ) ಒಳಗ ವಿಜ್ಞಾನಕ್ಕ ಭಾಳ ಕಡಿಮಿ ಬಂದಾವು. ಟ್ಯೂಷನ್ ಹಚ್ಚಬೇಕೇನ್ರೀ?
— ತಂದೆ, ಸಿರುಗುಪ್ಪ ತಾಲೂಕು

ಈಗಲೇ ಬೇಡ. ನಿಮ್ಮ ಮಗಳಿಗೆ ವಿಜ್ಞಾನ ಬರುವುದಿಲ್ಲ ಎನ್ನಲು ಇನ್ನೂ ಆಧಾರವಿಲ್ಲ. ಬಾರದಿರುವುದು ಪ್ರಶ್ನೆಪತ್ರಿಕೆಯ ಭಾಷೆ. ಟ್ಯೂಷನ್‌ನಲ್ಲಿ ಹೆಚ್ಚಾಗಿ ಗೈಡಿನ ಉತ್ತರ ಬಾಯಿಪಾಠ ಮಾಡಿಸುತ್ತಾರೆ. ಎಂಟನೇದರಲ್ಲಿ ಅದರಿಂದ ಅಂಕ ಬರುತ್ತವೆ, ಹತ್ತನೇದರಲ್ಲಿ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಕೈಕೊಡುತ್ತದೆ.

ಮೊದಲು ಅದೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ತನ್ನಿ. ಹಳೇ ಶಾಲೆಯ ಗೆಳತಿಯರ ಹತ್ತಿರ ಸಿಗುತ್ತದೆ, ಇಲ್ಲದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ರಾಜ್ಯ ಪಠ್ಯಕ್ರಮದಲ್ಲಿ ಎರಡೂ ಮಾಧ್ಯಮದ ಪಾಠಗಳು ಒಂದೇ. ನಾಳೆ ಶಾಲೆಯಲ್ಲಿ ‘ಘರ್ಷಣೆ’ ಪಾಠ ಶುರುವಾಗುವುದಾದರೆ ಇವತ್ತು ಸಂಜೆಯೇ ಕನ್ನಡದ್ದನ್ನು ಇಪ್ಪತ್ತು ನಿಮಿಷ ಓದಲಿ. ಪಾಠ ಆದ ಮೇಲೆ ಓದಿದರೆ ಅರ್ಧ ಲಾಭ ಹೋಯಿತು, ಯಾಕೆಂದರೆ ತರಗತಿಯಲ್ಲಿ ಕೂತು ಕೇಳುವ ಹೊತ್ತಿಗೆ ವಿಷಯ ಗೊತ್ತಿರಬೇಕು, ಕಿವಿ ಇಂಗ್ಲಿಷ್ ಮಾತುಗಳನ್ನಷ್ಟೇ ಹಿಡಿಯುವಂತಿರಬೇಕು. ಆಮೇಲೆ ಇಂಗ್ಲಿಷ್ ಪುಸ್ತಕದ ಚಿತ್ರಗಳನ್ನು ಮಾತ್ರ ನೋಡಿ ಪ್ರತಿ ಭಾಗದ ಹೆಸರು ಬರೆದುಕೊಳ್ಳಲಿ. ದಿನಕ್ಕೆ ಎಂಟು ಶಬ್ದ ಸಾಕು. ಇಪ್ಪತ್ತು ಬರೆಸಿದರೆ ವಾರದೊಳಗೆ ನೋಟ್‌ಬುಕ್ ಮೂಲೆ ಸೇರುತ್ತದೆ.

ಫ್ರಿಕ್ಷನ್, ಲೂಬ್ರಿಕೆಂಟ್ ಇಂಥವು ಮಕ್ಕಳಿಗೆ ಬೇಗ ಹತ್ತುತ್ತವೆ. ಎಡವುವುದು ಪ್ರಶ್ನೆ ಕೇಳುವ ಕ್ರಿಯಾಪದಗಳಲ್ಲಿ: ಸ್ಟೇಟ್, ಡಿಸ್ಟಿಂಗ್ವಿಶ್, ಜಸ್ಟಿಫೈ, ಗಿವ್ ರೀಸನ್. ‘ಜಸ್ಟಿಫೈ’ ಅಂದಲ್ಲಿ ವ್ಯಾಖ್ಯೆ ಬರೆದು ಬಂದ ಮಗು ಪಾಠವನ್ನೆಲ್ಲ ತಿಳಿದಿದ್ದರೂ ಸೊನ್ನೆ ತೆಗೆದುಕೊಳ್ಳುತ್ತದೆ. ಇಂಥವು ಒಟ್ಟು ಹದಿನೈದರ ಮೇಲಿಲ್ಲ. ಪ್ರತಿಯೊಂದರ ಎದುರು ‘ಏನು ಬರೆಯಬೇಕು, ಎಷ್ಟು ಸಾಲು’ ಎಂದು ಟೀಚರ್ ಕೈಯಲ್ಲೇ ಬರೆಸಿಕೊಳ್ಳಲಿ.

ಅಂಕದ ಚಿಂತೆಗೆ ಒಂದು ಲೆಕ್ಕ. ಹತ್ತನೇದರಲ್ಲಿ ನಾಲ್ಕು ಎಫ್‌ಎ, ಪ್ರತಿಯೊಂದು 50 ಅಂಕದ್ದು: ಎರಡು ಚಟುವಟಿಕೆಗೆ 15ರಂತೆ 30, ಕಿರುಪರೀಕ್ಷೆಗೆ 20. ಒಟ್ಟು 200ನ್ನು ಇಳಿಸಿ 20 ಆಂತರಿಕ ಅಂಕ, ಪ್ರಥಮ ಭಾಷೆಗೆ 25. ಎಂಟನೇ ತರಗತಿಯ ಮೊದಲ ಎಫ್‌ಎ ಎಸ್‌ಎಸ್‌ಎಲ್‌ಸಿಗೆ ಸೇರುವುದೇ ಇಲ್ಲ, ಹಾಗಾಗಿ ಕಲಿಯಲು ಕಾಲವಿದೆ. ಪ್ರಥಮ ಭಾಷೆ ಯಾವುದು ಬರೆಸಿದ್ದೀರಿ ಎಂದು ಮಾತ್ರ ಇವತ್ತೇ ನೋಡಿ. ಅದಕ್ಕೆ 125 ಅಂಕ, ಉಳಿದವಕ್ಕೆ 100. ಇಂಗ್ಲಿಷ್ ಮಾಧ್ಯಮದಲ್ಲಿದ್ದೂ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಲು ಬರುತ್ತದೆ. ಶಾಲೆಯಲ್ಲಿ ಆ ಏರ್ಪಾಡು ಇದ್ದರೆ ನಿಮ್ಮ ಮಗಳಿಗೆ ಅದೇ ಸರಿ.

ಇನ್ನೊಂದು. ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಪದ್ಧತಿ ಇದ್ದರೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹತ್ತಿರ ಹೋಗಿ ಮಾತಾಡಿ. ಅದರಿಂದ ಇಂಗ್ಲಿಷ್ ಬರುವುದಿಲ್ಲ, ಮಗು ಸಂಶಯ ಕೇಳುವುದನ್ನೇ ಬಿಡುತ್ತದೆ.

ನಾವು ಹಿಂದೂಗಳು. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ, ಆಗಾಗ ಬಲಿಪೂಜೆ (ಚರ್ಚಿನ ಆರಾಧನೆ, ಮಾಸ್) ಇರುತ್ತದಂತೆ. ಮಗನನ್ನು ಕಡ್ಡಾಯವಾಗಿ ಕೂರಿಸುತ್ತಾರೆಯೇ?
— ತಾಯಿ, ಮಾನ್ವಿ

ಕೂರಿಸುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವುದೇ ಶಾಲೆಯಲ್ಲಿ ಧಾರ್ಮಿಕ ಬೋಧನೆಗೋ ಪೂಜೆಗೋ ಹಾಜರಾಗುವಂತೆ ಒತ್ತಾಯಿಸಬಾರದು ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಅಪ್ರಾಪ್ತ ಮಕ್ಕಳ ವಿಷಯದಲ್ಲಿ ಒಪ್ಪಿಗೆ ಪೋಷಕರದು. ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದು, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಎಂದು ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2024ರಲ್ಲಿ ತನ್ನ ಶಾಲೆಗಳಿಗೆ ಸೂಚನೆ ಕೊಟ್ಟಿದೆ.

ಸಾಮಾನ್ಯ ಏರ್ಪಾಡು ಹೀಗಿರುತ್ತದೆ. ವಾರಕ್ಕೆ ಒಂದೆರಡು ಪೀರಿಯಡ್ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಬೇರೆ ಕೋಣೆಗೆ ಹೋಗುತ್ತಾರೆ. ಅದೇ ಹೊತ್ತಿಗೆ ಉಳಿದವರಿಗೆ ಮೌಲ್ಯ ಶಿಕ್ಷಣ. ಬಲಿಪೂಜೆ ಇದ್ದ ದಿನ ಕಥೋಲಿಕ ಮಕ್ಕಳು ಚರ್ಚಿಗೆ, ಇತರರು ತರಗತಿಯಲ್ಲೋ ಲೈಬ್ರರಿಯಲ್ಲೋ. ಜಗಳ ಹುಟ್ಟುವುದು ಹೆಚ್ಚಾಗಿ ಟೀಚರುಗಳ ಕೊರತೆಯಿಂದ. ಒಬ್ಬರು ರಜೆ ಹಾಕಿದರೆ ಎರಡು ಗುಂಪನ್ನೂ ಒಂದೇ ಕೋಣೆಯಲ್ಲಿ ಕೂರಿಸಿಬಿಡುತ್ತಾರೆ. ಸೇರಿಸುವ ದಿನವೇ ಮೂರು ಪ್ರಶ್ನೆ ಕೇಳಿ: ಮೌಲ್ಯ ಶಿಕ್ಷಣದ ಪುಸ್ತಕ ಯಾವುದು, ಬಲಿಪೂಜೆಯ ದಿನ ನಮ್ಮ ಹುಡುಗ ಎಲ್ಲಿರುತ್ತಾನೆ, ನೋಡಿಕೊಳ್ಳುವವರು ಯಾರು. ಉತ್ತರ ಒಪ್ಪಿಗೆಯಾಗದಿದ್ದರೆ ಶಾಲಾ ಡೈರಿಯಲ್ಲಿ ಎರಡು ಸಾಲು ಬರೆದು ಸಹಿ ಮಾಡಿಸಿಕೊಳ್ಳಿ. ಹಣೆಯ ವಿಭೂತಿ, ಕೈಬಳೆ, ಅಯ್ಯಪ್ಪ ಮಾಲೆಯ ಕಪ್ಪು ಬಟ್ಟೆಯ ಮಾತನ್ನೂ ಆಗಲೇ ಮುಗಿಸಿ. ಜೂನ್‌ನಲ್ಲಿ ಐದು ನಿಮಿಷಕ್ಕೆ ಮುಗಿಯುವ ಮಾತು ಡಿಸೆಂಬರಿನಲ್ಲಿ ಗೇಟಿನ ಮುಂದೆ ರಂಪವಾಗುತ್ತದೆ.

ಕ್ರಿಸ್ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದು, ನಕ್ಷತ್ರ ಮಾಡುವುದು ಪೂಜೆಯಲ್ಲ. ಹುಡುಗರು ಬಿದಿರು, ಹುಲ್ಲು, ಮಣ್ಣು ತಂದು ಕೈಕೆಲಸ ಕಲಿಯುವ ದಿನಗಳವು. ಅದಕ್ಕೂ ಬೇಡ ಅನ್ನುವ ಹಕ್ಕು ನಿಮಗಿದೆ, ಆದರೆ ಹಾಗನ್ನುವ ಮೊದಲು ಮಗನನ್ನು ಒಂದು ಮಾತು ಕೇಳಿ.

ಕಥೋಲಿಕ ಶಾಲೆಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟು ಸಿಗುತ್ತದೆಯೇ? ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಬಹುದೇ?
— ಕುಷ್ಟಗಿಯ ಓದುಗರು

ಆರ್‌ಟಿಇ ಸೀಟು ಇಲ್ಲ. ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2025ರಲ್ಲಿ ಇನ್ನೊಂದು ಪೀಠ ಆ ತೀರ್ಪನ್ನು ಪ್ರಶ್ನಿಸಿ ದೊಡ್ಡ ಪೀಠಕ್ಕೆ ಒಯ್ಯುವಂತೆ ಕೇಳಿತು. ಹೇಗಿದ್ದರೂ ಆ ಕಾಯ್ದೆ ಎಂಟನೇ ತರಗತಿಗೇ ನಿಲ್ಲುತ್ತದೆ.

ಎನ್‌ಎಂಎಂಎಸ್‌ಗೆ ಶಾಲೆ ಅನುದಾನಿತವೋ ಅಲ್ಲವೋ ಎಂಬುದೇ ಮುಖ್ಯ. ಅನುದಾನಿತವಾದರೆ ಕೂರಬಹುದು, ಅನುದಾನರಹಿತವಾದರೆ ಇಲ್ಲ. ಎಂಟನೇದರಲ್ಲಿ ಬರೆಯಬೇಕು, ಏಳನೇದರಲ್ಲಿ ಶೇ 55 (ಪರಿಶಿಷ್ಟರಿಗೆ ಶೇ 50) ಬಂದಿರಬೇಕು, ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಬೌದ್ಧಿಕ ಸಾಮರ್ಥ್ಯದ್ದೊಂದು, ಪಠ್ಯ ವಿಷಯದ್ದೊಂದು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ ₹12,000. ಆಯ್ಕೆಯಾಗಿಯೂ ಹಣ ಬಾರದ ಮಕ್ಕಳನ್ನು ವಿಚಾರಿಸಿದರೆ ಕಾರಣ ಹೆಚ್ಚಾಗಿ ಎರಡೇ: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಇಲ್ಲವೇ ವರ್ಷವರ್ಷದ ನವೀಕರಣ ಮರೆತಿದ್ದಾರೆ.

ನಮ್ಮ ಕಡೆ ಕಥೋಲಿಕ ಸಮುದಾಯ ಬೇರೂರಿದ್ದು ಯಾವಾಗ?
— ಮುದಗಲ್‌ನ ಓದುಗರು

ನಿಮ್ಮ ಊರಿನ ಕಥೋಲಿಕ ಸಮುದಾಯ ಆದಿಲ್‌ಶಾಹಿ ಕಾಲದಷ್ಟು ಹಳೆಯದು. ಬಳ್ಳಾರಿ ಮಿಷನ್ ಮದ್ರಾಸಿನಿಂದ ಬೇರೆಯಾದದ್ದು 1928ರಲ್ಲಿ, ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಆದದ್ದು 1949ರಲ್ಲಿ. ಇಂದು ರಾಯಚೂರು, ಕೊಪ್ಪಳಗಳೂ ಅದರಲ್ಲಿವೆ. 1928ರಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ, ರಾಯಚೂರು-ಕೊಪ್ಪಳ ನಿಜಾಮರ ಕೈಯಲ್ಲಿ. ನಿಜಾಮರ ಸೀಮೆಯಲ್ಲಿ ಹೈಸ್ಕೂಲು ಓದುವುದೆಂದರೆ ಉರ್ದುವಿನಲ್ಲಿ ಓದುವುದಾಗಿತ್ತು. ಈ ಕಡೆಯ ಕೆಲವು ಮನೆಗಳ ಹಿರಿಯರು ಉರ್ದು ಓದಿ ಕನ್ನಡ ಬರೆಯಲು ತಡಕಾಡುತ್ತಿದ್ದುದು ಅದಕ್ಕೇ.

ನಾನು ಒಂಬತ್ತನೇ ತರಗತಿ. ನಮ್ಮ ಹೌಸಿಗೆ (ಶಾಲೆಯ ವಿದ್ಯಾರ್ಥಿ ಗುಂಪಿಗೆ) ಪ್ರಾಜೆಕ್ಟ್ ಕೊಟ್ಟರೆ ಇಬ್ಬರು ಕೆಲಸ ಮಾಡುತ್ತೇವೆ, ಎಂಟು ಜನ ಹೆಸರು ಹಾಕಿಕೊಳ್ಳುತ್ತಾರೆ. ಏನು ಮಾಡಲಿ?
— ವಿದ್ಯಾರ್ಥಿನಿ, ಗಂಗಾವತಿ

ಎಂಟು ಜನರ ಗುಂಪಿನಲ್ಲಿ ಹೀಗೆ ಆಗಿಯೇ ಆಗುತ್ತದಮ್ಮ. ನಾಲ್ಕರ ಎರಡು ಗುಂಪು ಮಾಡಿಕೊಡಿ ಎಂದು ಟೀಚರನ್ನು ಕೇಳು. ನಾಲ್ವರಲ್ಲಿ ಒಬ್ಬಳು ಸುಮ್ಮನಿದ್ದರೆ ಅವತ್ತೇ ಎದ್ದು ಕಾಣುತ್ತದೆ. ‘ಪರಿಸರ ಮಾಲಿನ್ಯ’ದಂಥ ಕಡಲಷ್ಟು ವಿಷಯ ಬೇಡ. ಅಂಥವಕ್ಕೆ ಚಾರ್ಟ್ ಅಂಗಡಿಯಲ್ಲಿ ರೆಡಿ ಸಿಗುತ್ತದೆ, ಉಳಿದ ಆರು ಜನಕ್ಕೆ ಮಾಡಲು ಕೆಲಸವೇ ಇರುವುದಿಲ್ಲ.

ನಿಮ್ಮ ಶಾಲೆಯಲ್ಲಿ ವೈಸಿಎಸ್ (ಕಥೋಲಿಕ ವಿದ್ಯಾರ್ಥಿ ಸಂಘಟನೆ) ಇದ್ದರೆ ‘ನೋಡು, ವಿವೇಚಿಸು, ಮಾಡು’ ಎನ್ನುವುದು ಕಿವಿಗೆ ಬಿದ್ದಿರುತ್ತದೆ. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ದುಡಿಯುವ ಹುಡುಗರ ನಡುವೆ ಬೆಳೆಸಿದ ಕ್ರಮ ಅದು. ಪೋಪ್ 23ನೇ ಜಾನ್ 1961ರಲ್ಲಿ ಇಡೀ ಚರ್ಚಿಗೆ ಬರೆದ ತಮ್ಮ ವಿಶ್ವಪತ್ರದಲ್ಲೂ ಅದನ್ನು ಎತ್ತಿಹಿಡಿದರು. ಎಲ್ಲ ಧರ್ಮದ ಮಕ್ಕಳೂ ಬಳಸಬಹುದು. ಶಾಲೆಯ ಕುಡಿಯುವ ನೀರನ್ನೇ ತೆಗೆದುಕೊಳ್ಳಿ. ಕೊಪ್ಪಳ, ರಾಯಚೂರಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ.

ನೋಡುವುದಕ್ಕೆ ಒಂದು ವಾರ. ಒಬ್ಬಳು ಪ್ರತಿ ನಲ್ಲಿಯ ನೀರು ಎಲ್ಲಿಂದ ಬರುತ್ತದೆ ಎಂದು ಪೈಪಿನ ಹಿಂದೆಯೇ ಹೋಗಿ ನಕ್ಷೆ ಬರೆಯಲಿ. ಒಬ್ಬಳು ಬಿಡುವಿನಲ್ಲಿ ಯಾವ ನಲ್ಲಿಗೆ ಎಷ್ಟು ಮಕ್ಕಳು ಬರುತ್ತಾರೆ ಎಂದು ಎಣಿಸಲಿ. ಇನ್ನಿಬ್ಬರು ಮಾದರಿ ಹಿಡಿಯಲಿ. ಪ್ಲಾಸ್ಟಿಕ್ ಬಾಟಲಿಯೇ ಇರಲಿ, ಫ್ಲೋರೈಡ್‌ಗೆ ಗಾಜು ಬೇಡ. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ, ಸ್ಥಳ, ದಿನ, ವೇಳೆಯ ಚೀಟಿ ಅಂಟಿಸಿ. ಜಲಜೀವನ ಮಿಷನ್‌ನಲ್ಲಿ ಹಳ್ಳಿಗಳ ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟಿದ್ದಾರೆ. ಹತ್ತಿರದ ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಕಿಟ್ ಜೊತೆಗೆ ಅವರೂ ಸಿಗುತ್ತಾರೆ. ತಪ್ಪು ಬರುವುದು ಮೂರು ಕಡೆ: ರಾಸಾಯನಿಕದ ಅವಧಿ ಮುಗಿದಿರುತ್ತದೆ, ನೀರನ್ನು ಗೆರೆಯ ತನಕ ಸರಿಯಾಗಿ ಅಳೆದಿರುವುದಿಲ್ಲ, ಬಣ್ಣವನ್ನು ಕಾರ್ಡಿಗೆ ಹೋಲಿಸುವಾಗ ಬಿಸಿಲಿಗೆ ಹಿಡಿದಿರುತ್ತಾರೆ. ನೆರಳಿನಲ್ಲಿ, ಬಿಳಿ ಹಾಳೆಯ ಮುಂದೆ, ಇಬ್ಬರು ಬೇರೆ ಬೇರೆಯಾಗಿ ಓದಿ.

ವಿವೇಚಿಸುವಾಗ ಭಾರತೀಯ ಮಾನಕದ ಅಂಕಿ ಎದುರಿಗಿರಲಿ: ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಸಹಪಾಠಿಗಳ ಹಲ್ಲಿನ ಮೇಲೆ ಫ್ಲೋರೈಡ್‌ನಿಂದ ಬರುವ ಕಂದು ಗೀಟುಗಳನ್ನು ನೋಡಿ ಹೆಸರು ಬರೆಯುವ ಕೆಲಸ ಮಾತ್ರ ಖಂಡಿತ ಬೇಡ. ಒಂದು ಹುಡುಗಿ ನಗುವುದನ್ನೇ ಬಿಟ್ಟರೆ ನಿಮ್ಮ ಪ್ರಾಜೆಕ್ಟ್ ದಂಡ.

ಮಾಡುವುದೆಂದರೆ ಚಾರ್ಟ್ ಅಂಟಿಸುವುದಲ್ಲ. ಕಿಟ್ ತೋರಿಸುವುದು ಅಂದಾಜು, ಆದ್ದರಿಂದ ಹೆಚ್ಚು ಬಂದರೆ ಮಾದರಿಯನ್ನು ಜಿಲ್ಲಾ ನೀರು ಪ್ರಯೋಗಾಲಯಕ್ಕೆ ಕಳಿಸಲು ಹೆಡ್‌ಮಾಸ್ತರಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ನಲ್ಲಿ, ಎಷ್ಟು ಮಕ್ಕಳು, ಏನು ಬೇಡಿಕೆ ಅದರಲ್ಲಿರಲಿ. ವರದಿಯ ಕೊನೆಯಲ್ಲಿ ನಾಲ್ವರ ಹೆಸರಿನ ಮುಂದೆ ಅವರವರು ಮಾಡಿದ ಕೆಲಸ ಬರೆಯಿರಿ. ಖಾಲಿ ಉಳಿದ ಹೆಸರಿನ ವಿಚಾರ ಟೀಚರಿಗೆ ಬಿಡಿ.

ಮಗನನ್ನು ಬಳ್ಳಾರಿಯಲ್ಲಿ ಫಾದರ್‌ಗಳ ಹಾಸ್ಟೆಲಿಗೆ ಬಿಟ್ಟು ಹದಿನೈದು ದಿನ ಆಯಿತು. ಫೋನಿನಲ್ಲಿ ಬರೀ ಅಳುತ್ತಾನೆ. ಕರೆದುಕೊಂಡು ಬರಲೇ?
— ತಾಯಿ, ಲಿಂಗಸುಗೂರು

ಇನ್ನೊಂದು ತಿಂಗಳು ತಡೆಯಿರಿ ತಾಯಿ. ಮನೆಯ ನೆನಪಿನ ಅಳು ಹೆಚ್ಚಾಗಿ ಸಂಜೆಯ ಆಟ ಮುಗಿದು ಓದಿನ ಗಂಟೆ ಬಾರಿಸುವ ನಡುವಿನ ಹೊತ್ತಿಗೆ ಬರುತ್ತದೆ. ನೀವು ಅದೇ ಹೊತ್ತಿಗೆ ಫೋನ್ ಮಾಡುತ್ತಿದ್ದರೆ ಅಳು ಕೇಳುವುದು ಸಹಜ. ವಾರ್ಡನ್ ಒಪ್ಪಿದರೆ ಭಾನುವಾರ ಬೆಳಿಗ್ಗೆ ಮಾಡಿ, ವಾರಕ್ಕೆ ಒಂದೇ ಸಲ. ‘ಊಟ ಆಯ್ತಾ’ ಅಂದರೆ ‘ಹ್ಞೂಂ’ ಅಂತ ಮುಗಿಯುತ್ತದೆ. ‘ಯಾರ ಬಾಜೂ ಕುಂತು ಉಂಡಿ?’ ಎಂದು ಕೇಳಿ. ಎರಡು ಮೂರು ವಾರ ಒಂದೇ ಹೆಸರು ಬಂದರೆ ಗೆಳೆಯ ಸಿಕ್ಕ, ಅರ್ಧ ಕೆಲಸ ಆಯಿತು. ಯಾರ ಹೆಸರೂ ಬಾರದಿದ್ದರೆ ಅವನನ್ನು ವಾಲಿಬಾಲ್‌ಗೋ ಗಾಯನ ತಂಡಕ್ಕೋ ಸೇರಿಸುವಂತೆ ವಾರ್ಡನ್‌ಗೆ ಹೇಳಿ. ಆಟದಲ್ಲಿ ಗುರುತಾದವನಿಗೆ ಊಟದ ಸಾಲಿನಲ್ಲಿ ಜಾಗ ತಾನಾಗಿ ಸಿಗುತ್ತದೆ.

ಬುತ್ತಿ ಒಯ್ದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ, ಕೋಣೆಯವರಿಗೆಲ್ಲ ಹಂಚುವಷ್ಟು. ಬಟ್ಟೆಗಳ ಕಾಲರಿನ ಒಳಗೆ ಅಳಿಸದ ಪೆನ್ನಿನಲ್ಲಿ ಹೆಸರಿನ ಬದಲು ಹಾಸ್ಟೆಲ್ ನಂಬರ್ ಬರೆಯಿರಿ, ಒಗೆದ ಬಟ್ಟೆಯ ರಾಶಿಯಲ್ಲಿ ಒಂದೇ ಹೆಸರಿನ ನಾಲ್ವರು ಇರುತ್ತಾರೆ. ಟ್ರಂಕಿನ ಎರಡನೇ ಕೀಲಿ ವಾರ್ಡನ್ ಹತ್ತಿರವಿರಲಿ, ಖರ್ಚಿನ ದುಡ್ಡೂ ಅಲ್ಲೇ.

ಅಳು ಬೇರೆ, ಹೆದರಿಕೆ ಬೇರೆ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರೆ, ಸ್ನಾನಕ್ಕೋ ಮಲಗುವ ಹಾಲಿಗೋ ಹೋಗಲು ಅಂಜುತ್ತಿದ್ದರೆ, ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ಹೊಸದಾಗಿ ಶುರುವಾಗಿದ್ದರೆ, ಸಾಮಾನು ಪದೇ ಪದೇ ಕಳೆಯುತ್ತಿದ್ದರೆ ತಿಂಗಳು ಕಾಯಬೇಡಿ. ಹೇಳದೆ ಹೋಗಿ, ಕ್ಯಾಂಪಸ್ಸಿನ ಹೊರಗೆ ಕರೆದೊಯ್ದು ಕೂತು ಕೇಳಿ. ದೈಹಿಕವಾಗಿ ಏನಾದರೂ ನಡೆದಿದೆ ಎಂಬ ಅನುಮಾನ ಬಂದರೆ ಶಾಲೆಯ ಮಕ್ಕಳ ರಕ್ಷಣಾ ಸಮಿತಿಗೆ ತಿಳಿಸಿ, ಜೊತೆಗೇ 1098ಕ್ಕೂ ಕರೆ ಮಾಡಿ. ಆ ಕರೆ ಪುಕ್ಕಟೆ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು. ಅದಕ್ಕೆ ಫಾದರ್ ಅನುಮತಿಯೇನೂ ಬೇಕಿಲ್ಲ.