ಯಾವ ಮುಖ ಇಟ್ಟುಕೊಂಡು ಸುವಾರ್ತೆ ಹೇಳಲಿ?

ಪ್ರಶ್ನೆ: ನನಗೆ 41 ವರ್ಷ. ಬೆಟಗೇರಿಯಲ್ಲಿ ಟೈಲರಿಂಗ್ ಅಂಗಡಿ ಇದೆ. 2 ವರ್ಷದ ಹಿಂದೆ ಡ್ರಾದಲ್ಲಿದ್ದ 8,000 ರೂಪಾಯಿ ಕಾಣಲಿಲ್ಲ. ಕೆಲಸದ ಹುಡುಗಿಯೇ ಕದ್ದಳು ಅಂತ ಗಿರಾಕಿಗಳ ಎದುರೇ ಬೈದು, ಆ ತಿಂಗಳ ಪಗಾರವನ್ನೂ ಕೊಡದೆ ಕಳಿಸಿಬಿಟ್ಟೆ. ಆಮೇಲೆ ಒಂದಿನ ಡ್ರಾಕ್ಕೆ ಹಾಸಿದ್ದ ಪೇಪರಿನ ಅಡಿಯಲ್ಲೇ ಹಣ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಈಗ ಚರ್ಚಿನಲ್ಲಿ ಅಯ್ಯನವರು ಪ್ರತಿಯೊಬ್ಬರೂ ಸುವಾರ್ತೆ ಸಾರಬೇಕು ಅನ್ನುತ್ತಾರೆ. ಕರಪತ್ರ ಕೈಗೆ ತಗೊಂಡರೆ ಆ ಹುಡುಗಿಯ ಮುಖವೇ ಕಣ್ಣ ಮುಂದೆ ಬರುತ್ತದೆ. ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ. ಅಷ್ಟು ಸಾಲದೇ?

ಉತ್ತರ: ಸಾಲದು ಅಕ್ಕಾ. ನಿಮಗೂ ಗೊತ್ತು, ಅದಕ್ಕೇ ಬರೆದಿದ್ದೀರಿ.

ನೀವು ದೇವರ ಮುಂದೆ ಅತ್ತದ್ದು ಸುಳ್ಳಲ್ಲ. ಆದರೆ ನಿಮ್ಮ ಗಿರಾಕಿಗಳ ಕಣ್ಣಿಗೆ ಆ ಹುಡುಗಿ ಇವತ್ತಿಗೂ ಕಳ್ಳಿಯೇ ಅಲ್ವಾ? ಸತ್ಯವೇದದಲ್ಲಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಅಂತ ಓದುತ್ತೇವಲ್ಲ, ಅಲ್ಲಿ ಮನಸ್ಸು ಮರುಗಿದರೆ ಮುಗಿಯಲಿಲ್ಲ, ಕಾಲೂ ತಿರುಗಬೇಕು. ಜನರಿಂದ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಯೇಸು ತನ್ನ ಮನೆಗೆ ಬಂದ ದಿನ ಸುಮ್ನೆ ಕೈಮುಗಿದು ಕೂರಲಿಲ್ಲ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಮತ್ತಾಯ 5ರಲ್ಲಂತೂ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತಿದೆ.

ಹಾಗಂತ ಸುವಾರ್ತೆಯ ಕೆಲಸ ನನ್ನಂಥವಳಿಗಲ್ಲ ಅಂದುಕೊಳ್ಳಬೇಡಿ. ಸತ್ಯವೇದದಲ್ಲಿ ಬರುವ ಸಮಾರ್ಯದ ಹೆಂಗಸು ಮಧ್ಯಾಹ್ನ ನೀರಿಗೆ ಬಂದವಳು ಯೇಸುವಿನ ಜೊತೆ ಮಾತಾಡಿ, ಕೊಡವನ್ನು ಬಾವಿ ಹತ್ತಿರವೇ ಬಿಟ್ಟು ಊರೊಳಗೆ ಓಡಿದಳು. ನಾನು ಮಾಡಿದ್ದನ್ನೆಲ್ಲ ನನಗೇ ಹೇಳಿದವನು ಅಲ್ಲಿದ್ದಾನೆ, ಬಂದು ನೋಡಿ ಅಂದಳು. ತನ್ನ ಬಾಳನ್ನು ಮುಚ್ಚಿಟ್ಟುಕೊಂಡು ಸಾಕ್ಷಿ ಹೇಳಲಿಲ್ಲ ಅವಳು.

ಹುಡುಗಿಯ ಮನೆಗೇ ಹೋಗಿ. ಪಗಾರ ಲೆಕ್ಕ ಹಾಕಿ, ಅದರ ಮೇಲೆ ಇನ್ನಷ್ಟು ಸೇರಿಸಿ ಒಯ್ಯಿರಿ. ಅವಳ ಮನೆಯವರ ಎದುರೇ ಮಾತಾಡಿ. ‘ಏನೋ ತಪ್ಪು ತಿಳುವಳಿಕೆ ಆಯ್ತು’ ಅನ್ನಬೇಡಿ. ‘ಹಣ ನನ್ನ ಡ್ರಾದಲ್ಲೇ ಇತ್ತು, ನೀನು ಕದ್ದಿರಲಿಲ್ಲ, ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ’ ಅನ್ನಿ. ಆ ಕೊನೆಯ ಮಾತು ಗಂಟಲಿಂದ ಹೊರಡುವುದು ಕಷ್ಟ, ಅದನ್ನೇ ನುಂಗಿಬಿಡಬೇಡಿ. ಅವತ್ತು ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಇದೇ ಮಾತು ಹೇಳಬೇಕು, ಯಾಕೆಂದರೆ ಅವಳ ಮಾನ ಹೋದದ್ದು ಅವರ ಎದುರಿಗೆ.

ಕರಪತ್ರ ಮಾತ್ರ ಅಂದು ಬೇಡವೇ ಬೇಡ. ಕ್ಷಮೆ ಕೇಳಿದ ಬಾಯಲ್ಲೇ ಚರ್ಚಿಗೆ ಬಾ ಅಂದರೆ ಕ್ಷಮೆಯೂ ಗಾಳ ಆಗಿಬಿಡುತ್ತದೆ. ಅವಳು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಅದಕ್ಕೆ ಅವಳಿಗೆ ಹಕ್ಕಿದೆ. ಪಗಾರ ಅವಳದು, ಹೇಗಾದರೂ ಅವಳ ಕೈ ಸೇರಿಸಿ.

ಮುಂದೆ ಎಂದಾದರೂ ಅವಳೋ ಗಿರಾಕಿಗಳೋ ‘ಇಷ್ಟು ದಿನ ಆದ ಮೇಲೆ ಯಾಕೆ ಒಪ್ಪಿಕೊಂಡ್ರಿ?’ ಅಂತ ಕೇಳಿದರೆ ಆಗ ಯೇಸುವಿನ ಹೆಸರು ಹೇಳಿ, ಧೈರ್ಯವಾಗಿ ಹೇಳಿ. ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಮೆತ್ತಗೆ ಹೇಳಿ ಅಂತ ಯೇಸುವಿನ ಶಿಷ್ಯ ಪೇತ್ರನೂ ಬರೆದಿದ್ದಾನೆ. ಮೂರು ಸಲ ತನ್ನ ಗುರುವನ್ನೇ ಅರಿಯೆನು ಅಂದು, ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ ಪೇತ್ರ.

ಈ ಶನಿವಾರ ಅಂಗಡಿ ಸ್ವಲ್ಪ ಬೇಗ ಮುಚ್ಚಿ, ಭಾನುವಾರದ ಆರಾಧನೆಗೆ ಮೊದಲೇ ಹೋಗಿ ಬನ್ನಿ.