ಡಾಕ್ಟರು ರೋಗ ಗುರುತಿಸುವಲ್ಲಿ ಎಡವಿ ನಮ್ಮ ನಾಯಿ ಸತ್ತಿತೇನೋ ಎಂಬ ಸಂಕಟವನ್ನು ತಡೆದುಕೊಳ್ಳುವುದು ಹೇಗೆ?

ಚಿಂತಾಮಣಿಯಿಂದ ಕೇಳಿದ್ದೀರಿ. ಆರು ವರ್ಷದ ಕರಿಯನಿಗೆ ಜ್ವರ ಬಂತು, ಊಟ ಬಿಟ್ಟ. ಡಾಕ್ಟರು ಬಿಸಿಲಿನ ತಾಪ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ನಾಲ್ಕು ದಿನದ ಮೇಲೆ ಮೂಗಿನಲ್ಲಿ ರಕ್ತ ಬಂತು. ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿ ಉಣ್ಣೆ ಜ್ವರ, ಟಿಕ್ ಫೀವರ್ ಅಂದರು. ಮಾರನೇ ದಿನ ಕರಿಯ ಹೋಗಿಬಿಟ್ಟ. ಮೊದಲೇ ಬೇರೆ ಕಡೆ ತೋರಿಸಿದ್ದರೆ ಉಳೀತಿದ್ದನಾ, ಆ ಡಾಕ್ಟರನ್ನು ಸುಮ್ಮನೆ ಬಿಡಬೇಕಾ, ಮನೆಯಲ್ಲಿರೋ ಇನ್ನೊಂದು ನಾಯಿಯ ಮುಖ ನೋಡೋಕೂ ಆಗ್ತಿಲ್ಲ ಅಂತ ಬರೆದಿದ್ದೀರಿ.

ಉಳಿಯುತ್ತಿದ್ದನೇ ಎಂಬುದನ್ನು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಈ ರೋಗ ನಡೆಯುವ ರೀತಿ ಗೊತ್ತಾದರೆ ಆ ನಾಲ್ಕು ದಿನದ ಭಾರ ಸ್ವಲ್ಪ ಇಳಿದೀತು. ಉಣ್ಣೆ ಜ್ವರ ಎಂದು ಸಾಮಾನ್ಯವಾಗಿ ಕರೆಯುವುದು ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗವನ್ನು. ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಮೊದಲ ಜ್ವರ ಕಾಣುತ್ತದೆ. ಎಷ್ಟೋ ನಾಯಿಗಳಲ್ಲಿ ಅದು ತಾನಾಗೇ ಇಳಿದುಹೋಗುತ್ತದೆ, ಮನೆಯವರು ಗಮನಿಸುವುದೂ ಇಲ್ಲ. ಆಮೇಲೆ ರೋಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೈಯೊಳಗೆ ಸದ್ದಿಲ್ಲದೆ ಕೂತಿರುತ್ತದೆ. ನಾಯಿ ತಿನ್ನುತ್ತೆ, ಓಡುತ್ತೆ, ಬೊಗಳುತ್ತೆ. ಕೊನೆಯ ಹಂತದಲ್ಲಿ ಮೂಳೆಯ ಮಜ್ಜೆಯೇ ಸೋತು ರಕ್ತಕಣ ತಯಾರಾಗುವುದು ನಿಲ್ಲುತ್ತಾ ಬರುತ್ತದೆ. ಮೊದಲ ಹಂತದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರೆ ಬಹುಪಾಲು ನಾಯಿಗಳು ಕೆಲವೇ ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಕೊನೆಯ ಹಂತದಲ್ಲಿ ಅದೇ ಮಾತ್ರೆ ಕೊಟ್ಟರೂ ಹಲವು ಉಳಿಯುವುದಿಲ್ಲ.

ಮೂಗಿನ ರಕ್ತ ಎರಡೂ ಹಂತದಲ್ಲಿ ಬರಬಹುದು. ಹಾಗಾಗಿ ನಿಮ್ಮ ಹತ್ತಿರ ಇರುವ ರಕ್ತದ ರಿಪೋರ್ಟ್ ತೆಗೆದು ನೋಡಿ. ಪ್ಲೇಟ್‌ಲೆಟ್ ಒಂದೇ ಅಲ್ಲದೆ ಕೆಂಪು ಕಣ, ಬಿಳಿ ಕಣ ಮೂರೂ ತೀರಾ ಇಳಿದಿದ್ದರೆ ರೋಗ ಹಳೆಯದಾಗಿತ್ತು ಎಂಬ ಅನುಮಾನ ಬಲವಾಗುತ್ತದೆ. ಹಾಗಿದ್ದಲ್ಲಿ ಕರಿಯನ ಗತಿ ನೀವು ಡಾಕ್ಟರ ಬಾಗಿಲಿಗೆ ಹೋಗುವ ಎಷ್ಟೋ ಮೊದಲೇ ಹೆಚ್ಚುಕಡಿಮೆ ತೀರ್ಮಾನವಾಗಿರಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಲ್ಲೇ ಚಿಕ್ಕಬಳ್ಳಾಪುರದಲ್ಲಿ ನಮ್ಮ ಚುಕ್ಕಿ ಹೋದಾಗ ನನಗೂ ಇದೇ ಆಗಿತ್ತು. ಬೆದೆ ಮುಗಿದು ತಿಂಗಳಾಗಿತ್ತು. ಮುದ್ದೆ ಹಾಲು ಕಲಸಿ ಇಟ್ಟ ತಟ್ಟೆ ಹಾಗೇ ಇರುತ್ತಿತ್ತು, ನೀರು ಮಾತ್ರ ವಿಪರೀತ ಕುಡಿಯುತ್ತಿದ್ದಳು. ಬೋಗುಣಿ ಖಾಲಿ ಮಾಡಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತ ಸೋಪಿನ ನೀರಿಗೂ ಬಾಯಿ ಹಾಕುತ್ತಿದ್ದಳು. ತೋರಿಸಿದ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಅಜೀರ್ಣ ಅಂದರು. ಬೆಂಗಳೂರಿಗೆ ಒಯ್ದು ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ ಅನ್ನುತ್ತಾರೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಒಂದು ಹನಿ ಕೀವೂ ಹೊರಗೆ ಬರುವುದಿಲ್ಲ. ಆಪರೇಷನ್ ಆಯಿತು, ಚುಕ್ಕಿ ಉಳಿಯಲಿಲ್ಲ.

"ನಾಯಿ ತಾನೇ, ಇನ್ನೊಂದು ತಂದರಾಯ್ತು" ಅಂದವರ ಮಾತಿಗಿಂತ ನನ್ನನ್ನು ಸುಟ್ಟಿದ್ದು ಗೊತ್ತಿಲ್ಲದಿರುವಿಕೆ. ಹಾಗಾಗಿ ಎರಡೂ ಕಡೆಯ ಚೀಟಿ, ರಿಪೋರ್ಟು, ಸ್ಕ್ಯಾನ್ ಪ್ರತಿ ಹಿಡಿದು, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯ ಪಶುವೈದ್ಯರ ಹತ್ತಿರ ಹೋದೆ. ಫೀಸು ಕೊಟ್ಟು, "ನಾಯಿ ತೀರಿಕೊಂಡಿದೆ, ಏನಾಯ್ತು ಅಂತ ತಿಳಿಸಿ ಸಾಕು" ಅಂದೆ. ಸಂತಾನಹರಣ ಆಗದ ಹೆಣ್ಣುನಾಯಿ, ಬೆದೆ ಮುಗಿದು ತಿಂಗಳು, ಇಷ್ಟೊಂದು ನೀರು, ಇಷ್ಟು ಸಿಕ್ಕಿದಾಗ ಮೊದಲ ದಿನವೇ ಸ್ಕ್ಯಾನ್ ಬರೆಯಬೇಕಿತ್ತು ಎಂದು ಅವರು ನೇರವಾಗಿ ಹೇಳಿದರು. ಕೇಳಿ ಹೊಟ್ಟೆ ಕಿವುಚಿತು. ಆದರೂ ಅವತ್ತಿನಿಂದ ರಾತ್ರಿಯೆಲ್ಲ 'ಹಾಗೆ ಮಾಡಿದ್ದರೆ, ಹೀಗೆ ಮಾಡಿದ್ದರೆ' ಎನ್ನುವುದು ನಿಂತಿತು. ಅಳು ನಿಲ್ಲಲಿಲ್ಲ, ಅದು ಬೇರೆ. ನೀವೂ ಹೀಗೆ ಮಾಡಿ. ಸಿಕ್ಕ ಉತ್ತರ ಕಹಿಯಾಗಿದ್ದರೂ ಅದು ಒಂದೇ ಉತ್ತರ, ಊಹೆಗಳಿಗೆ ಕೊನೆಯಿಲ್ಲ. ನಮ್ಮ ಕಡೆಯಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹೈವೇಯಲ್ಲೇ ಸಿಗುತ್ತದೆ. ಅಲ್ಲಿನ ಆಸ್ಪತ್ರೆಯಲ್ಲೂ ಕೇಳಿ ನೋಡಬಹುದು.

ಇನ್ನು ಆ ಡಾಕ್ಟರ ವಿಷಯ. ಉಣ್ಣೆ ಕಾಟ ಇರುವ ಊರಲ್ಲಿ ಜ್ವರ ಬಂದು ಊಟ ಬಿಟ್ಟ ನಾಯಿಗೆ ರಕ್ತ ಪರೀಕ್ಷೆ ಬರೆಯದಿದ್ದುದು ನನಗೂ ಸರಿ ಕಾಣುವುದಿಲ್ಲ. ಆದರೆ ಅಂದಾಜು ತಪ್ಪುವುದು ಬೇರೆ, ನಿರ್ಲಕ್ಷ್ಯ ಬೇರೆ. ಮನುಷ್ಯರ ಡಾಕ್ಟರ ಬಗ್ಗೆ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಇದೇ ವ್ಯತ್ಯಾಸ ಮಾಡಿದೆ. ಮೊದಲು ಇಂಜೆಕ್ಷನ್ ಕೊಟ್ಟವರು ನೋಂದಾಯಿತ ಪಶುವೈದ್ಯರೇ ಎಂದು ವಿಚಾರಿಸಿ. ಹಳ್ಳಿ ಕಡೆ ಸೂಜಿ ಹಿಡಿದವರನ್ನೆಲ್ಲ ಡಾಕ್ಟರೇ ಅನ್ನುತ್ತೇವೆ, ಆದರೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ ಚಿಕಿತ್ಸೆಗೆ ನೋಂದಣಿ ಬೇಕು. ನಿರ್ಲಕ್ಷ್ಯ ಎಂದು ಮೂರನೆಯವರೂ ಹೇಳಿದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಿ. ಹಣ ಕೊಟ್ಟು ತೋರಿಸಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯವಿದೆ, ಇವತ್ತೇ ನಿರ್ಧರಿಸಬೇಕಿಲ್ಲ. ನಾನು ದೂರು ಕೊಡಲಿಲ್ಲ. ಸ್ಕ್ಯಾನ್ ರಿಪೋರ್ಟ್ ಆ ಡಾಕ್ಟರ ಮೇಜಿನ ಮೇಲಿಟ್ಟು ಆದದ್ದನ್ನು ಹೇಳಿ ಬಂದೆ. ಅವರು ಕ್ಷಮೆ ಕೇಳಲಿಲ್ಲ, ರಿಪೋರ್ಟ್ ಮಾತ್ರ ಪೂರ್ತಿ ಓದಿದರು. ನನಗೆ ಅಷ್ಟು ಸಾಕೆನಿಸಿತು, ನಿಮಗೆ ಸಾಕಾಗದಿದ್ದರೆ ಅದು ತಪ್ಪೇನಲ್ಲ.

ಒಂದೇ ಒಂದು ಎಚ್ಚರ ಇರಲಿ. ಸಿಟ್ಟು ಜಾಸ್ತಿಯಾದಷ್ಟೂ ಕೊನೆಯ ಐದು ದಿನವೇ ನೆನಪಿನಲ್ಲಿ ದೊಡ್ಡದಾಗಿ, ಕರಿಯ ನಿಮ್ಮ ಜೊತೆ ಬದುಕಿದ ಆರು ವರ್ಷ ಮಸುಕಾಗಿಬಿಡುತ್ತದೆ. ಮನೆಯಲ್ಲಿ ಮಾತಾಡುವಾಗ ಡಾಕ್ಟರ ಹೆಸರಿಗಿಂತ ಕರಿಯನ ಹೆಸರು ಹೆಚ್ಚು ಬರಲಿ. ಸಂಕಟದಿಂದ ನಿದ್ದೆ ಕೆಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾಯಿಗಾಗಿ ಅಂತ ಸಂಕೋಚ ಬೇಡ.

ಇನ್ನೊಂದು ನಾಯಿಯ ವಿಷಯ ಮಾತ್ರ ಮುಂದಕ್ಕೆ ಹಾಕಬೇಡಿ. ಅದೂ ಅದೇ ಅಂಗಳದಲ್ಲಿ ಮಲಗಿದೆ, ಅದೇ ಉಣ್ಣೆ ಅದನ್ನೂ ಕಚ್ಚಿರಬಹುದು. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ಈ ಉಣ್ಣೆ ಬಹುಪಾಲು ಕಾಲ ಇರುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಅಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ಮಲಗುವ ಗೋಣಿಚೀಲ ಸುಟ್ಟುಹಾಕಿ, ಬಿರುಕುಗಳಿಗೆ ಸಿಮೆಂಟು ಮೆತ್ತಿಸಿ, ಮೈಗೆ ಹಾಕುವ ಉಣ್ಣೆ ಔಷಧಿಯನ್ನು ಡಾಕ್ಟರನ್ನೇ ಕೇಳಿ. ಅದರ ಮುಖ ನೋಡಲು ಈಗ ಆಗದಿದ್ದರೆ ಬೇಡ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಮಾತ್ರ ದಿನಾ ಬೆರಳಾಡಿಸಿ ನೋಡಿ.