ಆಪ್ತಸಲಹೆ ಪ್ರಕರಣ: ದೊಡ್ಡ ಮನೆ, ಇಬ್ಬರೇ ಮಂದಿ

ಹೆಸರು, ಓಣಿ, ನೌಕರಿ ಎಲ್ಲ ಬದಲಿಸಿದ್ದೇನೆ. ಬರೆಯಲು ಗಂಡ-ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಗಂಡನನ್ನು ರಾಯರು ಎನ್ನೋಣ. ವಯಸ್ಸು 74, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಹೆಂಡತಿಗೆ 69. ಧಾರವಾಡದ ಹಳೆಯ ಬಡಾವಣೆಯಲ್ಲಿ ಮಂಗಳೂರು ಹಂಚಿನ ಮನೆ, ಆಮೇಲೆ ಮಹಡಿ ಮೇಲೆ ಕಟ್ಟಿಸಿದ ಎರಡು ಕೋಣೆ, ಹಿತ್ತಲಲ್ಲಿ ಆಪೂಸ್ ಗಿಡ. ಮಗ ಕೆನಡಾದಲ್ಲಿ, ಮಗಳು ಪುಣೆಯಲ್ಲಿ.

ಮಗ ಬೆಂಗಳೂರಿನ ಹೊರವಲಯದ ಒಂದು 'ಆ್ಯಕ್ಟಿವ್ ರಿಟೈರ್ಮೆಂಟ್' ವಸತಿ ಸಮುಚ್ಚಯದ ಬ್ರೋಶರ್ ಕಳಿಸಿದ್ದ. ಕ್ಲಬ್‌ಹೌಸು, ನಡೆಯಲು ಟ್ರ್ಯಾಕು, ಊಟದ ಹಾಲ್, ರಾತ್ರಿಯೂ ಇರುವ ನರ್ಸು. ತಿಂಗಳೊಪ್ಪತ್ತಿನಲ್ಲಿ ಬುಕ್ ಮಾಡಿದರೆ ರಿಯಾಯಿತಿ. ಧಾರವಾಡದ ಮನೆ ಮಾರಿ ಹೋಗಿಬಿಡಿ, 2023ರಿಂದ ವಂದೇ ಭಾರತ್ ಬೇರೆ ಇದೆ, ನೆನಪಾದರೆ ಆರೂವರೆ ತಾಸಿನಲ್ಲಿ ಧಾರವಾಡಕ್ಕೇ ಬಂದು ಇಳಿಯಬಹುದು ಎಂಬುದು ಅವನ ವಾದ.

ರಾಯರು ಮೊದಲು ಒಬ್ಬರೇ ಬಂದರು. "ನಂದೇನಿಲ್ರಿ, ನಾ ಎಲ್ಲಿದ್ರೂ ನಡೀತದ. ಆದ್ರ ನಮ್ಮನಿಯಾಕಿಗೆ ಆಗೂದಿಲ್ಲ. ಅಕಿ ಆ ಮನಿ ಬಿಟ್ಟು ಒಂದ್ ದಿನಾನೂ ಇರಾಕಿ ಅಲ್ಲ." ಗಂಡಸರು ಹೆಂಡತಿಯ ಪರವಾಗಿ ಇಷ್ಟು ಖಾತ್ರಿಯಿಂದ ಮಾತಾಡಿದಾಗ ನಾನು ಹೆಂಡತಿಯನ್ನು ಬೇರೆಯಾಗಿ ಕರೆಸುತ್ತೇನೆ.

ಅವರು ಬಂದವರೇ ನಕ್ಕರು. "ಹಂಗಂದ್ರಾ? ನನ್ನ ಯಾರೂ ಕೇಳೇ ಇಲ್ರಿ." ಆಮೇಲೆ ಪರ್ಸಿನಿಂದ ಒಂದು ಸಣ್ಣ ಡೈರಿ ತೆಗೆದರು. ಪೆನ್ಸಿಲಿನಲ್ಲಿ ಬರೆದದ್ದು. ನಳದ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ನಿಂತಿತು. ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು. ಟ್ಯಾಂಕ್ ತೊಳೆಯುವವನಿಗೆ ಕೊಟ್ಟ ದುಡ್ಡು. ಹಂಚು ತಿರುವಿಸಿದ್ದು, ಮಂಗ್ಯಾಗಳು ಒಡೆದ ಹಂಚುಗಳ ಲೆಕ್ಕ. ಧಾರವಾಡದಲ್ಲಿ ನೀರು ದಿನಾ ಬರುವುದಿಲ್ಲ. ನಾಲ್ಕಾರು ದಿನಕ್ಕೊಮ್ಮೆ ಬಂದಾಗ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ವಾಲ್ವ್ ತಿರುಗಿಸಬೇಕು. ಮೊಣಕಾಲು ಸವೆದ ಹೆಂಗಸು ಅದನ್ನು ಮಾಡುತ್ತಿದ್ದರು. ರಾಯರಿಗೆ ಈ ಡೈರಿ ಇರುವುದೇ ಗೊತ್ತಿರಲಿಲ್ಲ. "ರೊಟ್ಟಿ ಬಡಿಯೂದು ಸಾಕಾಗೇದ್ರಿ. ಯಾರರ ಮಾಡಿ ಹಾಕಿದ್ದ ಒಂದ್ ವರ್ಷ ಉಣ್ಣಬೇಕು ಅನಸ್ತದ."

ಹಾಗಾದರೆ ಮನೆ ಬಿಡಲು ಮನಸ್ಸಿಲ್ಲದವರು ಯಾರು ಎಂಬುದು ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಹೊರಬಂತು. ರಾಯರು ಸಂಜೆ ವಿದ್ಯಾವರ್ಧಕ ಸಂಘದ ಕಾರ್ಯಕ್ರಮಕ್ಕೆ ಹೋದರೆ ಮುಂದಿನ ಸಾಲಿನಲ್ಲಿ ಯಾರಾದರೂ ಎದ್ದು ಜಾಗ ಕೊಡುತ್ತಾರೆ. ಲೈನ್ ಬಜಾರಿನಲ್ಲಿ ಫೇಡೆ ಕೊಳ್ಳಲು ನಿಂತರೆ ಹಳೆಯ ವಿದ್ಯಾರ್ಥಿ 'ಸರ್' ಎನ್ನುತ್ತಾನೆ. "ಅಲ್ಲಿ ನಾ ಯಾರ್ರಿ? ಬಿ-ಬ್ಲಾಕ್ ನಾಕನೇ ನಂಬರಿನ ಮುದುಕ" ಎಂದರು. ಈ ಹೆದರಿಕೆ ಸಣ್ಣದಲ್ಲ, ಅದನ್ನು ಅಹಂಕಾರ ಎಂದು ತಳ್ಳಿಹಾಕುವವರ ಜೊತೆ ನನಗೆ ಜಗಳವಿದೆ. ಆದರೆ ಹೆಂಡತಿಯ ಹೆಸರಿನಲ್ಲಿ ಅದನ್ನು ಮುಚ್ಚಿಡುವುದು ಸರಿಯಲ್ಲ ಎಂದು ನೇರವಾಗಿ ಹೇಳಿದೆ. ಮನೆ ಇಟ್ಟುಕೊಳ್ಳಬೇಕೋ ಬೇಡವೋ ಎನ್ನುವುದರಲ್ಲಿ ಅದನ್ನು ನಡೆಸುತ್ತಿರುವವರ ಮಾತಿಗೆ ಹೆಚ್ಚು ತೂಕ ಇರಬೇಕು ಎಂಬುದು ನನ್ನ ಪಕ್ಷ. ಆಪ್ತಸಲಹೆಗಾರರು ಪಕ್ಷ ವಹಿಸಬಾರದು ಅನ್ನುತ್ತಾರೆ, ಇರಲಿ.

ಮುಂದಿನ ಮಾತಿಗೆ ಮೊದಲು ಇಬ್ಬರಿಗೂ ಕಿವಿ, ಕಣ್ಣು, ನೆನಪಿನ ಶಕ್ತಿ ಪರೀಕ್ಷೆ ಮಾಡಿಸಲು ಹೇಳಿದೆ. ನೆನಪಿನದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಾಯಿತು. ಮರೆವಿನ ಕಾಯಿಲೆ ಶುರುವಾಗಿದ್ದರೆ ಗೊತ್ತಿರುವ ಮನೆಯಿಂದ ಎಬ್ಬಿಸುವುದು ಗೊಂದಲ ಹೆಚ್ಚಿಸಬಹುದು, ಲೆಕ್ಕವೇ ಬೇರೆಯಾಗುತ್ತದೆ. ನೆನಪಿಗೆ ತೊಂದರೆಯಿರಲಿಲ್ಲ. ರಾಯರ ಕಿವಿ ಮಾತ್ರ ಸಾಕಷ್ಟು ಮಂದವಾಗಿತ್ತು. ಹೊಸ ಮಂದಿಯ ನಡುವೆ ಕೂರಲು ಅವರು ಹಿಂಜರಿಯುವುದಕ್ಕೆ ಅದೂ ಒಂದು ಕಾರಣ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಅಡುಗೆಯವರನ್ನು ಗೊತ್ತು ಮಾಡಿ, ನಾಳೆಯಿಂದಲೇ. ದಣಿವು ಅಡುಗೆಯದೋ, ಮನೆಯದೋ ತಿಳಿಯಲಿ. ರಿಯಾಯಿತಿಯ ಗಡುವು ಮರೆತುಬಿಡಿ. ಮನೆ ಮಾರದೆ, ಆ ಸಮುಚ್ಚಯದ ಗೆಸ್ಟ್ ರೂಮಿನಲ್ಲಿ ಬಾಡಿಗೆ ಕೊಟ್ಟು ಒಂದು ತಿಂಗಳು ಇದ್ದು ಬನ್ನಿ, ಅದೂ ಮಳೆಗಾಲದಲ್ಲಿ. ಹಬ್ಬದ ದಿನ ಮಾದರಿ ಫ್ಲ್ಯಾಟ್ ನೋಡಿ ಒಪ್ಪುವುದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ತಿಂದು ಸಂಸಾರ ಅಳೆದಂತೆ.

ಕಾಗದದ ಕಡೆ ಹೆಚ್ಚು ಹೊತ್ತು ಕೂತೆವು. 'ಆ್ಯಕ್ಟಿವ್' ಎಂಬ ಹೆಸರಿನ ಜಾಗಗಳು ಸಾಮಾನ್ಯವಾಗಿ ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರಿಗಾಗಿ ಕಟ್ಟಿದವು. ಹಾಗಿರುವಾಗ ಹಾಸಿಗೆ ಹಿಡಿದರೆ ಏನು? ಅಲ್ಲೇ ಆರೈಕೆಯ ವಿಭಾಗವಿದೆಯೋ, ಸ್ವಂತ ಖರ್ಚಿನಲ್ಲಿ ಆಳು ಇಟ್ಟುಕೊಳ್ಳಬೇಕೋ, ಖಾಲಿ ಮಾಡಬೇಕೋ? ಒಬ್ಬರು ತೀರಿಕೊಂಡರೆ ಉಳಿದವರ ಹಕ್ಕೇನು, ತಿಂಗಳ ನಿರ್ವಹಣೆ ವೆಚ್ಚ ಅರ್ಧವಾಗುತ್ತದೆಯೇ? ಆ ವೆಚ್ಚ ವರ್ಷಕ್ಕೆ ಎಷ್ಟು ಏರಬಹುದು ಎಂಬುದಕ್ಕೆ ಮಿತಿ ಬರೆದಿದೆಯೇ? ಕ್ರಯಪತ್ರವೋ, ಠೇವಣಿ ಕೊಟ್ಟು ಬದುಕಿರುವ ತನಕ ಇರುವ ಹಕ್ಕೋ? ಮಕ್ಕಳಿಗೆ ಬಂದ ಮೇಲೆ ಅವರು ಅಲ್ಲಿ ಇರಬಹುದೋ, ವಯಸ್ಸಾದವರಿಗೇ ಮಾರಬೇಕೋ? ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ, ಆದರೆ ಅದು ಮಾದರಿಯಷ್ಟೇ. ಹಾಗಾಗಿ ಒಪ್ಪಂದದ ಸಾಲೇ ನಿಮಗೆ ಆಧಾರ. ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯೇ ಎಂದು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡುವುದು ಮಗಳ ಪಾಲಿಗೆ ಬಂತು.

ದುಡ್ಡಿನ ವಿಷಯ ಸಿಎ ಹತ್ತಿರ ಕಳಿಸಿದೆ. ನಾನು ಹೇಳಿದ್ದು ಎರಡೇ. ಅಷ್ಟು ಹಳೆಯ ಮನೆ ಮಾರಿದರೆ ಲಾಭದ ಲೆಕ್ಕಕ್ಕೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು, ತೆರಿಗೆ ಶೇ. 12.5, ಅಥವಾ ಹಣದುಬ್ಬರದ ಲೆಕ್ಕ ಸೇರಿಸಿ ಶೇ. 20, ಯಾವುದು ಕಡಿಮೆಯೋ ಅದು. ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ವಿನಾಯಿತಿ ಉಂಟು, ಆದರೆ ಬರೀ ಠೇವಣಿ ಕೊಟ್ಟು ವಾಸದ ಹಕ್ಕು ಪಡೆಯುವುದು ಖರೀದಿ ಎನಿಸುವುದು ಕಷ್ಟ. ಎರಡನೆಯದು, ಮನೆಯನ್ನು ಈಗಲೇ ಮಗನ ಹೆಸರಿಗೆ ಮಾಡೋಣವೆಂಬ ಮಾತಿಗೆ ಬೇಡ ಎಂದೆ. ಉಯಿಲು ಸಾಕು. ದಾನಪತ್ರವೇ ಆಗಬೇಕೆಂದರೆ 'ನಮ್ಮನ್ನು ನೋಡಿಕೊಳ್ಳತಕ್ಕದ್ದು' ಎಂಬ ಷರತ್ತು ಪತ್ರದಲ್ಲೇ ಇರಲಿ. ಮಾತು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಪತ್ರ ರದ್ದು ಮಾಡಿಸಲು ಅದೇ ಬಲ.

ಅಡುಗೆಯವರು ಬಂದ ಮೇಲೆ ಹೆಂಡತಿಯ ಮುಖ ತಿಳಿಯಾಯಿತು, ಆದರೆ ವಾಲ್ವು, ಹಂಚು, ಟ್ಯಾಂಕು ಹಾಗೇ ಉಳಿದವು. ಬೆಂಗಳೂರಿಗೆ ಹೋಗಿ ಬಂದರು. ರೊಟ್ಟಿ ವಾರಕ್ಕೆರಡು ಸಲ, ಅದೂ ದಪ್ಪ, ಎಂದು ರಾಯರ ದೂರು. ಆದರೆ ಶ್ರವಣ ಯಂತ್ರ ಹಾಕಿಕೊಂಡು ಹೋಗಿದ್ದರು. ಎರಡನೆಯ ವಾರಕ್ಕೆ ಬೋರ್‌ವೆಲ್ ನೀರಿನ ಗಡಸುತನದ ಬಗ್ಗೆ ಮ್ಯಾನೇಜರ್ ಜೊತೆ ವಾದಕ್ಕಿಳಿದು, ನಾಲ್ಕು ಮಂದಿ ಬೆಂಬಲಿಗರನ್ನೂ ಗಳಿಸಿದ್ದರು. ಹೆಂಡತಿ ಕೇರಂ ಆಡಿದರು, ಬೆಳಿಗ್ಗೆ ತಡವಾಗಿ ಎದ್ದರು. ಪಕ್ಕದ ಬ್ಲಾಕಿನಲ್ಲಿ ಬಿದ್ದು ಸೊಂಟ ಮುರಿದುಕೊಂಡ ಒಬ್ಬರಿಗೆ, ದಿನವಿಡೀ ಆಳು ಇಟ್ಟುಕೊಳ್ಳಿ ಇಲ್ಲವೇ ಬೇರೆ ಕಡೆ ನೋಡಿ ಎಂದದ್ದನ್ನು ಕೇಳಿ, ಒಪ್ಪಂದದ ಆ ಪುಟ ತೋರಿಸಿ ಎಂದು ಕೇಳಿದವರೂ ಅವರೇ. ಪುಟದಲ್ಲಿ ಸ್ಪಷ್ಟ ಉತ್ತರ ಇರಲಿಲ್ಲ.

ಅಲ್ಲಿ ಬುಕ್ ಮಾಡಲಿಲ್ಲ. ಧಾರವಾಡದಲ್ಲೇ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಲಿಫ್ಟ್ ಇರುವ ಎರಡು ಬೆಡ್‌ರೂಮಿನ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದಾರೆ. ಸತ್ತೂರಿನ ಆಸ್ಪತ್ರೆಗೂ ಅದೇ ದಾರಿ. ನೀರಿನ ಚಿಂತೆ ಅಪಾರ್ಟ್‌ಮೆಂಟಿನ ವಾಚ್‌ಮನ್‌ದು. ಹಳೆಯ ಮನೆ ಮಾರಿಲ್ಲ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಕೊಟ್ಟಿದ್ದಾರೆ, ಬಾಡಿಗೆಗೆ ಬಾಡಿಗೆ ಸರಿಹೋಗುತ್ತದೆ. ಸಮುಚ್ಚಯದ ಮಾತು ಮುಗಿದಿಲ್ಲ. ಹೋಗುವುದಿದ್ದರೆ ಹೊಸ ಸ್ನೇಹ ಮಾಡುವಷ್ಟು ಕಾಲಲ್ಲಿ ಕಸುವಿರುವಾಗಲೇ ಹೋಗಬೇಕು, 80 ದಾಟಿದ ಮೇಲೆ ಅಲ್ಲ ಎಂದು ನಾನು ಹೇಳಿದ್ದರಿಂದ, ತಮಗೆ 72 ತುಂಬಿದಾಗ ಮತ್ತೆ ಕೂತು ಮಾತಾಡಬೇಕೆಂದು ಹೆಂಡತಿ ಷರತ್ತು ಹಾಕಿದ್ದಾರೆ. ಅಷ್ಟರೊಳಗೆ ಒಬ್ಬರೇ ಉಳಿದರೆ ಉಳಿದವರದೇ ತೀರ್ಮಾನ, ಮಕ್ಕಳದಲ್ಲ. ಇದನ್ನು ಬರೆದು ಇಬ್ಬರೂ ಸಹಿ ಮಾಡಿದರು. ಮಗನಿಗೆ ತಿಳಿಸುವ ಜವಾಬ್ದಾರಿ ರಾಯರದು. ಇನ್ನೂ ಫೋನ್ ಮಾಡಿಲ್ಲವಂತೆ.